ಖಾನಾಪುರದ ಫಿಯೆಟ್ಟಿಗೆ ಹಿಂದಿನ ಸ್ಪ್ರಿಂಗು

ಧನಪಾಲ ಮೂರನೆಯ ಗುರುವಾರವೂ ಬಂದ. ಖಡೇಬಜಾರಿನ ಸ್ಪೇರ್ ಪಾರ್ಟ್ಸ್ ಅಂಗಡಿಯ ಮುಂದೆ ಅವನ ಫಿಯೆಟ್ ನಿಂತ ಸದ್ದು ಕೇಳಿಯೇ ಕಾಂತಾ ಕ್ಯಾಟಲಾಗ್ ತೆಗೆದಿಟ್ಟಳು. ತಲೆ ಮಾತ್ರ ಎತ್ತಲಿಲ್ಲ. ಅದನ್ನು ಎರಡು ವಾರದಿಂದ ಅಭ್ಯಾಸ ಮಾಡಿದ್ದಳು.

ತಂದೆ ತವನಪ್ಪನವರ ಕಣ್ಣು ಮಂಜಾದ ಮೇಲೆ ಕೌಂಟರು ಅವಳದೇ. ೧೯೮೪ರ ಬೆಳಗಾವಿಯಲ್ಲಿ ಹೆಣ್ಣುಮಗಳ ಸಲಹೆ ಕೇಳಿ ಶಾಕ್ ಅಬ್ಸಾರ್ಬರ್ ಕೊಳ್ಳಲು ಗಿರಾಕಿಗಳು ಮೊದಮೊದಲು ಹಿಂಜರಿದರು. ಆಮೇಲೆ ಅವಳಿಲ್ಲದಿದ್ದರೆ ನಾಳೆ ಬರುತ್ತೇವೆ ಎನ್ನತೊಡಗಿದರು.

ಧನಪಾಲನದು ಖಾನಾಪುರದ ಹಂಚಿನ ಕಾರ್ಖಾನೆಯ ಮನೆತನ. ಅವನ ಜೀವವೆಲ್ಲ ಕಾರಿನಲ್ಲಿ. ಫಿಯೆಟ್ಟಿಗೆ ಎರಡು ಕಾರ್ಬುರೇಟರ್ ಹಾಕಿಸಿ, ಹಿಂದಿನ ಸೀಟು ಕಿತ್ತುಹಾಕಿ, ಘಾಟಿನ ರ‍್ಯಾಲಿಗೆ ಸಜ್ಜು ಮಾಡುತ್ತಿದ್ದ. ತಿರುವಿನಲ್ಲಿ ಗಾಡಿಯ ಹಿಂಭಾಗ ಪುಟಿಯುತ್ತಿತ್ತು. ಹಿಂದಿನ ಸಸ್ಪೆನ್ಶನ್ ಬದಲಿಸಬೇಕು; ಯಾವುದು ಹಾಕುವುದು ಎಂಬುದೇ ಇನ್ನೂ ಇತ್ಯರ್ಥವಾಗಿರಲಿಲ್ಲ.

"ಮುಂಬೈದು ಬಂದಾವೇನ್ರಿ?"

"ಬಂದಾವ."

ಕಾಂತಾ ಎರಡು ಪೆಟ್ಟಿಗೆ ಬಿಚ್ಚಿದಳು. ಒಂದರಲ್ಲಿ ಬಿರುಸಾದ ಪಾಟಾ, ಅಂದರೆ ಒಂದರ ಮೇಲೊಂದು ಕೂರುವ ಬಾಗಿದ ಉಕ್ಕಿನ ಪಟ್ಟಿಗಳು. ಇನ್ನೊಂದರಲ್ಲಿ ಸ್ಪ್ರಿಂಗ್ ಸುತ್ತಿದ ಶಾಕ್ ಅಬ್ಸಾರ್ಬರ್. ಧನಪಾಲ ಎರಡನ್ನೂ ನೋಡಲಿಲ್ಲ. ಅವಳ ಬೆರಳಿನ ಗ್ರೀಸ್ ನೋಡಿದ, ಅದೇ ಗ್ರೀಸ್ ಕೆನ್ನೆಯ ಮೇಲೂ ಇರುವುದನ್ನು ಕಂಡು ನಗು ನುಂಗಿದ.

"ನಗೂದು ಯಾಕ್ರಿ?"

"ಗಲ್ಲಕ್ಕ ಗ್ರೀಸ್ ಹತ್ತೈತ್ರಿ."

"ಇರ್ಲಿ. ಗಾಡಿದು ಮಾತಾಡ್ರಿ."

ಗಾಡಿಯದು ಅವಳಿಗೆ ಮೊದಲ ಗುರುವಾರವೇ ಗೊತ್ತಾಗಿತ್ತು. ಈ ಎರಡು ಸಾಮಾನೂ ಮಂದಿ ತುಂಬಿದ ಗಾಡಿಗೆ ಸರಿ. ಸೀಟೇ ಇಲ್ಲದ ಹಗುರ ಗಾಡಿಗೆ ಹಾಕಿದರೆ ಇನ್ನಷ್ಟು ಪುಟಿದು ಘಾಟಿನ ಕಂದರಕ್ಕೆ ದಾರಿ ಹಿಡಿದೀತು. ಅವನಿಗೆ ಬೇಕಾದದ್ದು ತನ್ನ ಅಂಗಡಿಯಲ್ಲಿಲ್ಲ ಎಂದು ಹೇಳಿದರೆ ಗುರುವಾರಗಳು ಮುಗಿದವು. ಹಾಗಾಗಿಯೇ ಎರಡು ವಾರ "ಮುಂಬೈದು ಬರ್ಲಿ, ನೋಡೂಣು" ಎಂದು ತಳ್ಳಿದ್ದಳು. ಅವನು ಬರುವುದು ಅವಳಿಗೆ ಬೇಕಾಗಿತ್ತು, ಅಷ್ಟೇ.

"ಇವೆರಡೂ ಬ್ಯಾಡ್ರಿ," ಎಂದಳು. "ನಿಮ್ಮೂರಾಗ ಕಟಗಿ ಲಾರಿಗೆ ಪಾಟಾ ಬಡಿಯೋ ಗುರುಪುತ್ರಪ್ಪ ಅದಾರಲ್ಲ, ಅವರ ಕಡೆ ಹೋಗ್ರಿ. ಇದ್ದ ಪಾಟಾದಾಗ ಒಂದು ತಗಸ್ರಿ. ಉಳದಾವ ಕಾಸಿ ಬಡಿಸಿ, ಬಾಗು ಸರಿ ಮಾಡಸ್ರಿ. ನಿಮ್ಮ ಶಾಕ್ ಅಬ್ಸಾರ್ಬರ್ ಚೊಲೋ ಅದಾವ, ಅವ ಇರ್ಲಿ."

"ಅಂದ್ರ ನಿಮ್ಮ ಅಂಗಡಿಯಾಗ ಏನೂ ಇಲ್ಲ?"

"ಗಾಡಿಗೆ ಏನೂ ಇಲ್ರಿ."

ಹೇಳಿದ ಮೇಲೆ ಕೆನ್ನೆ ಬಿಸಿಯಾಯಿತು. ಅವನು ನಮಸ್ಕಾರ ಮಾಡಿ ಹೋದ.

ಮುಂದಿನ ಗುರುವಾರ ಅವನು ಬರಲಿಲ್ಲ. ಹೀಗೆ ನಾಲ್ಕು ಗುರುವಾರ ಕಳೆದವು. ಹಿಂದೆ ಅವಳನ್ನು ನೋಡಿಹೋಗಿದ್ದ ಸಾಂಗಲಿಯ ವರನ ಕಡೆಯವರು ಉತ್ತರ ಕೇಳಿ ಎರಡು ಪತ್ರ ಬರೆದಿದ್ದರು. ತಾಯಿ ಹೀರಾಬಾಯಿ ಕೇಳಿದಾಗಲೆಲ್ಲ ಕಾಂತಾ "ನೋಡೂಣವ್ವಾ" ಎನ್ನುತ್ತಿದ್ದಳು. ಧನಪಾಲನಿಗೆ ನಿಜ ಹೇಳಿದ್ದಕ್ಕೆ ಹೆಮ್ಮೆಪಡಬೇಕಿತ್ತು. ಅವಳಿಗೆ ಬರೀ ಸಿಟ್ಟು ಬರುತ್ತಿತ್ತು.

ಹೊತ್ತು ಮುಳುಗುವ ಮೊದಲೇ ಊಟ ಮುಗಿಸುವ ಜೈನರ ಮನೆ ಅವರದು. ಹಾಗಾಗಿ ಬಜಾರಿನಲ್ಲಿ ಎಲ್ಲರಿಗಿಂತ ಮೊದಲು ಮುಚ್ಚುತ್ತಿದ್ದ ಅಂಗಡಿಯೂ ಅದೇ. ಐದನೆಯ ಗುರುವಾರ ಶಟರ್ ಅರ್ಧ ಇಳಿದಿತ್ತು, ಹಿಂದಿನ ಮನೆಯಲ್ಲಿ ಹೀರಾಬಾಯಿ ರೊಟ್ಟಿ ಬಡಿಯುತ್ತಿದ್ದರು. ಆಗ ಫಿಯೆಟ್ ಬಂದು ನಿಂತಿತು.

"ಏನ್ ಬೇಕಾಗಿತ್ತು ತಮ್ಮಾ?" ಎಂದರು ತವನಪ್ಪ.

"ಏನೂ ಬ್ಯಾಡ್ರಿ ಕಾಕಾ. ರ‍್ಯಾಲಿಯಾಗ ಮೂರನೇ ನಂಬರ ಬಂದೆ. ಹಿಂದಿಂದು ಒಟ್ಟ ಪುಟೀಲಿಲ್ಲ. ಹೇಳಿ ಹೋಗೂಣು ಅಂತ ಬಂದೆ."

ತವನಪ್ಪ ಬಾಗಿಲಾಚೆಯ ಬೆಳಕಿನತ್ತ ಕಣ್ಣು ಕಿರಿದು ಮಾಡಿದರು. "ನೀನೂ ನಮ್ಮವನ ಅಲ್ಲ? ದಾರಿಯಾಗ ಹೊತ್ತ ಮುಳಗಿದ್ರ ಉಪಾಸ ಬೀಳತಿ. ಉಂಡು ಹೋಗು." ಒಬ್ಬರು ಹೆಚ್ಚಿಗೆ ಇದ್ದಾರೆಂದು ಹೇಳಲು ಅವರೇ ಒಳಗೆ ಹೋದರು.

ಕಾಂತಾ ಗೋಡೆಯ ಗಡಿಯಾರ ನೋಡಿದಳು. "ಇನ್ನೂ ಮುಕ್ಕಾಲು ತಾಸು ಹೊತ್ತೈತಿ. ಆ ಗಾಡಿಯಾಗ ಮನಿ ಮುಟ್ಟತೀರಿ."

"ಮುಟ್ಟತೇನ್ರಿ."

"ಮತ್ತ ಅಪ್ಪಾರಿಗೆ ಯಾಕ ಹೇಳಲಿಲ್ಲ?"

"ಮಧ್ಯಾಹ್ನನ ಬಂದೀನ್ರಿ. ಕಿಲ್ಲಾದ ಬಾಜೂಕ ಗಾಡಿ ನಿಂದರಿಸಿ, ಊಟದ ಹೊತ್ತ ಆಗ್ಲಿ ಅಂತ ಕುಂತಿದ್ದೆ." ಧನಪಾಲ ಕಾರಿನ ಕೀಲಿ ಕೈಯಲ್ಲಿ ತಿರುವುತ್ತಿದ್ದ. "ಕೊಳ್ಳಾಕ ಏನೂ ಇಲ್ಲ ಅಂದ್ರಿ. ಮತ್ತ ಯಾವ ನೆವಾ ಹೇಳಿ ಬರ್ಲಿ? ನಾಕ ವಾರ ಅದನ್ನ ಯೋಚನಿ ಮಾಡಿದೆ. ನೀವ ಬೇಕ್ರಿ ನನಗ."

ಕಾಂತಾಗೆ ಜೋರಾಗಿ ನಗಬೇಕೆನಿಸಿತು. ನಗಲಿಲ್ಲ.

"ಅವ್ವ ಇವತ್ತ ಸಾಂಗಲಿಯವರಿಗೆ ಪತ್ರ ಬರಿಯೂದೈತಿ. ನನ್ನ ನೋಡಾಕ ಬಂದಿದ್ರು."

"ಏನಂತ ಬರೀತಾರ?"

"ನೀವು ನನಗ ಹೇಳಿದ್ದನ್ನ ಅಪ್ಪಾರ ಮುಂದ ಹೇಳಿದ್ರ, ಬ್ಯಾಡ ಅಂತ."

ಧನಪಾಲ ಕೀಲಿ ಜೇಬಿಗೆ ಹಾಕಿಕೊಂಡ. ಚಪ್ಪಲಿ ಬಿಟ್ಟು, ಅವಳಿಗಿಂತ ಮುಂದಾಗಿ ಒಳಗೆ ನಡೆದ.