ಪೆಟ್ಟಿಗೆಯೊಳಗಿನ ತಾತ

"ಕಿವಿ ಮೆಷಿನ್ ಸತ್ತೋಯ್ತು ಕಣೇ ಪೀಪಿ! ಒಂದು ಚೂರೂ ಕೇಳಿಸ್ತಿಲ್ಲ!" ಅಂತ ತಾತ ಕೂಗಿದ್ರು.

ಸತ್ತಿರ್ಲಿಲ್ಲ. ಅದರ ಸೆಲ್ಲು ಪೀಪಿಯ ಫ್ರಾಕಿನ ಜೇಬಲ್ಲಿತ್ತು. ಗಂಟಲು ಜೋರು ಅಂತ ಅವಳಿಗೆ ಆ ಹೆಸರು. ಇವತ್ತು ಮಾತ್ರ ಬಾಯಿಗೆ ಬೀಗ.

"ಬೇಡ ಬಿಡು ತಾತ, ಮನೇಲೇ ಇರೋಣ," ಅಂತ ಕೈಯಾಡಿಸಿದ್ಳು.

"ಲೇಟಾಯ್ತಾ? ನಡಿ ನಡಿ!" ತಾತ ಆಗ್ಲೇ ಚಪ್ಪಲಿ ಮೆಟ್ಟಿದ್ರು.

ತಾತ ಒಂದು ಕಾಲದಲ್ಲಿ ಸಿನಿಮಾ ಸ್ಟುಡಿಯೋದಲ್ಲಿ ಬಡಗಿ. ರೋಬೋ ಸಿನಿಮಾ ಒಂದಕ್ಕೆ ಪ್ಲೈವುಡ್ ಪೆಟ್ಟಿಗೆ ಮಾಡಿ ಬೆಳ್ಳಿ ಬಣ್ಣ ಬಳಿದ್ರು. ಅಳತೆ ಮಾತ್ರ ತಮ್ಮ ಮೈಗೇ ಹಿಡಿದು ತಗೊಂಡ್ಬಿಟ್ಟಿದ್ರು! ನಟ ಆರಡಿ ಆಳು, ಭುಜದ ಹತ್ರಾನೇ ಸಿಕ್ಕಿಹಾಕ್ಕೊಂಡ. ಡೈರೆಕ್ಟರ್ ತಲೆ ಚಚ್ಚಿಕೊಂಡು, "ನೀನೇ ಮಾಡಿದ್ದು, ನೀನೇ ಹೋಗಯ್ಯಾ ಒಳಗೆ," ಅಂದ್ರು. ಹಾಗೆ ತಾತ ರೋಬೋ ಆದ್ರು.

ಇದನ್ನ ಅವರು ಮನೇಲಿ ಯಾರಿಗೂ ಹೇಳಿರ್ಲಿಲ್ಲ. ವರ್ಷ ವರ್ಷ ಕಾಲೋನಿ ಹಾಲ್‌ನಲ್ಲಿ ಆ ಸಿನಿಮಾ ಹಾಕೋ ಫೋಟೋ ಅಂಗಡಿ ಅಂಕಲ್ ಹೇಗೋ ಪತ್ತೆ ಹಚ್ಚಿದ್ರು. "ನೀವು ಬರ್ಲೇಬೇಕು. ಯಾರಿಗೂ ಹೇಳಲ್ಲ, ಕೊನೇಲಿ ಸರ್‌ಪ್ರೈಸ್!" ಅಂತ ಕರೆದು ಹೋದ್ರು. ಬಾಗಿಲ ಹಿಂದೆ ನಿಂತಿದ್ದ ಪೀಪಿ ಎಲ್ಲಾ ಕೇಳಿಸ್ಕೊಂಡಿದ್ಳು.

ಅಂಕಲ್ ಹೇಳದೆ ಬಿಟ್ಟಿದ್ದು ಒಂದಿತ್ತು. ಅಲ್ಲಿಗೆ ಜನ ಬರೋದೇ ನಗೋದಕ್ಕೆ. ಎಲ್ಲರ ತಲೆ ಮೇಲೂ ಬೆಳ್ಳಿ ಕಾಗದದ ಟೋಪಿ. ರೋಬೋ ಸತ್ತು ಬಿದ್ದಾಗ ಬೆಳ್ಳಿ ಕಾಗದದ ಉಂಡೆ ಮಾಡಿ ಪರದೆಗೆ ಎಸೀತಾರೆ. ಹೋದ ವರ್ಷ ಎಲ್ಲರಿಗಿಂತ ಜೋರಾಗಿ ನಕ್ಕವಳು ಪೀಪಿ. ಒಳಗಿರೋದು ತಾತ ಅಂತ ಆಗ ಗೊತ್ತಿರ್ಲಿಲ್ಲ.

ಹಾಲ್ ತುಂಬಿತ್ತು. ಪಕ್ಕದಲ್ಲಿ ಕೂತಿದ್ದ ಕ್ಲಾಸ್‌ಮೇಟ್, ಎಲ್ಲರೂ ಸೋಡಾಬುಡ್ಡಿ ಅಂತ ಕರೆಯೋ ಹುಡುಗ, ಕನ್ನಡಕ ಏರಿಸ್ಕೊಂಡು ಒಂದು ಉಂಡೆ ಚಾಚಿದ.

"ತಗೊಳೇ! ಹೋದ್ಸಲ ನಿಂದೇ ಸೂಪರ್ ಗುರಿ!"

"ಮುಚ್ಕೊಂಡು ಕೂತ್ಕೊಳೋ!"

"ಯಾಕೇ ಸಿಡುಕ್ತೀಯಾ? ಇರು, ನಿಮ್ಮ ತಾತಂಗೇ ಕೊಡ್ತೀನಿ."

ತಾತ ಉಂಡೆ ಇಸ್ಕೊಂಡು ತಿರುಗಿಸಿ ತಿರುಗಿಸಿ ನೋಡಿದ್ರು.

ರೋಬೋ ತೂರಾಡ್ತಾ ಬಂತು. ಎದೆ ಹಿಡ್ಕೊಂತು. ದಬ್ಬಂತ ಬಿತ್ತು. ಹಾಲ್ ಇಡೀ ಹೋ ಅಂತು, ಉಂಡೆಗಳ ಮಳೆ! ಪೀಪಿ ಮೆಲ್ಲಗೆ ಪಕ್ಕಕ್ಕೆ ತಿರುಗಿದ್ಳು.

ತಾತ ಪರದೆ ನೋಡ್ತಾನೇ ಇರ್ಲಿಲ್ಲ. ಹಿಂದೆ ತಿರುಗಿ ಜನರ ಮುಖ ನೋಡ್ತಿದ್ರು.

"ನಗ್ತಿದಾರೆ," ಅಂದ್ರು.

ಕಿವಿ ಕೇಳಿಸದಿದ್ರೇನು, ಕಣ್ಣು ಕಾಣಲ್ವಾ? ಅದು ಪೀಪಿಗೆ ಹೊಳೆದೇ ಇರ್ಲಿಲ್ಲ.

"ಎಲ್ಲರೂ ಒಟ್ಟಿಗೆ ಏನೋ ಹೇಳ್ತಿದಾರೆ. ಏನು ಮರಿ ಅದು?"

ಸುಳ್ಳು ಹೇಳ್ಬಹುದಿತ್ತು. ನಾಲಿಗೆ ತುದಿಗೂ ಬಂತು. ಆದ್ರೆ ತಾತ ಅವಳನ್ನೇ ನೋಡ್ತಿದ್ರು. ಅವಳು ಜೇಬಿಗೆ ಕೈ ಹಾಕಿ ಸೆಲ್ಲನ್ನ ಅವರ ಅಂಗೈ ಮೇಲಿಟ್ಳು.

ತಾತ ಸೆಲ್ ನೋಡಿದ್ರು. ಅವಳನ್ನ ನೋಡಿದ್ರು. ಬೈಲಿಲ್ಲ. ಕಿವಿ ಮೆಷಿನ್‌ಗೆ ಸೆಲ್ ಹಾಕ್ಕೊಂಡ್ರು.

ಅಷ್ಟೊತ್ತಿಗೆ ಸತ್ತ ರೋಬೋ ಮತ್ತೆ ಎದ್ದಿತ್ತು. ಒಂದೇ ಸಲಕ್ಕೆ ಸಾಯೋ ಜಾತಿ ಅಲ್ಲ ಅದು! ಹಾಲ್ ಇಡೀ ಅದರ ಜೊತೆಗೇ ಕೂಗ್ತು: "ನಾನು ಕಬ್ಬಿಣ! ನನಗೆ ಅಳಲು ಬಾರದು!" ಹಿಂದಿನ ಸಾಲಿನೋರು ಉತ್ತರ ಕೊಟ್ರು: "ಕಲಿಸ್ತೀವಿ ಬಾರೋ!" ಮತ್ತೆ ನಗು.

ತಾತ ಮಡಿಲಲ್ಲಿದ್ದ ಉಂಡೆ ಎತ್ತಿಕೊಂಡು ಮೆಲ್ಲಗೆ ಬಿಡಿಸಿದ್ರು.

"ಅಳೋ ಸೀನು ಕಣೇ ಅದು," ಅಂದ್ರು ಕೊನೆಗೆ. "ಅಳಿಸ್ಬೇಕು ಅಂತ್ಲೇ ಮಾಡಿದ್ದು."

"ಹೋದ್ಸಲ ನಾನೂ ಎಸೆದೆ, ತಾತ."

"ತಗುಲ್ತಾ?"

"ಮೂತಿಗೇ."

ತಾತನ ಮೀಸೆ ಒಂಚೂರು ಅಲುಗಾಡ್ತು. ನಗುವೋ ಏನೋ, ಕತ್ತಲೆಯಲ್ಲಿ ಗೊತ್ತಾಗ್ಲಿಲ್ಲ.

"ರಿಲೀಸಾದ ದಿನ ಟಾಕೀಸಲ್ಲಿ ಹೀಗೇ ಕೂತಿದ್ದೆ. ನಾನು ಬೀಳೋ ಹೊತ್ತಿಗೆ ಎಲ್ಲ ಎದ್ದು ಹೋಗಿದ್ರು. ಗೇಟ್‌ಕೀಪರ್ ಒಬ್ಬ ನಿಂತು ಆಕಳಿಸ್ತಿದ್ದ," ಅಂದ್ರು ತಾತ. ಆಮೇಲೆ ಪರದೆ ಕಡೆ ತಿರುಗಿದ್ರು.

ಪೀಪಿ ಹಿಂದೆ ನೋಡಿದ್ಳು. ಜಾಗ ಸಿಗದೆ ಬಾಗಿಲ ಹತ್ರ ಜನ ನಿಂತಿದ್ರು. ಒಬ್ಬ ಅಜ್ಜಿ ಟೋಪಿ ಜಾರಿದ್ದೂ ಗೊತ್ತಾಗದೆ ಬಾಯಲ್ಲೇ ಡೈಲಾಗ್ ಹೇಳ್ಕೊತಿದ್ರು. ಸೋಡಾಬುಡ್ಡಿಗೆ ಒಂದಕ್ಕೆ ಅವಸರ, ಕಾಲು ಕುಣಿಸ್ತಿದ್ದ.

ಆದ್ರೂ ಎದ್ದು ಹೋಗಿರ್ಲಿಲ್ಲ.