ಬೇಗ ಹಾರಿದ ಕಿಡಿ

ಬೆಳ್ಳಂಬೆಳಿಗ್ಗೆ ಶಹಾಬುದ್ದೀನ್ ಕಾರಿನ ಮುಂದೆ ನೆಲದ ಮೇಲೆ ಬಿದ್ದಿದ್ದ. ಬಲಗೈಯ ಮೂಳೆ ಚರ್ಮ ಸೀಳಿಕೊಂಡು ಹೊರಗೆ ಬಂದಿತ್ತು. ಎಂಜಿನ್ ಹೊರಡಿಸಲು ತಿರುಗಿಸುವ ಹ್ಯಾಂಡ್ಲು ಹಿಂದಕ್ಕೆ ಒದ್ದಿತ್ತು.

ಕಾರು ಅರಕೆರೆಯ ಪಟೇಲ ಚಿಕ್ಕಸಿದ್ದಯ್ಯನದು—ಸೀಮೆಗೆ ಹಿಂದಿರುಗಿದ ಬಿಳಿ ದೊರೆಯೊಬ್ಬನಿಂದ ಕೊಂಡ, ಎರಡೇ ಸೀಟಿನ ಹಳೆಯ ರೇಸ್ ಕಾರು. ೧೯೩೪ರಲ್ಲಿ ಆ ಸುತ್ತಿನಲ್ಲಿ ಅಂಥದ್ದು ಇನ್ನೊಂದಿರಲಿಲ್ಲ. ಅದರ ಡ್ರೈವರು, ಮೆಕ್ಯಾನಿಕ್ಕು ಎರಡೂ ಶಹಾಬುದ್ದೀನನೇ.

ಹತ್ತು ದಿನದಲ್ಲಿ ಗಾಯ ಕೊಳೆಯಿತು. ಮೈಸೂರಿನಲ್ಲಿ ಕೈ ಕತ್ತರಿಸಿದರು. “ಅವನದೇ ಮರೆವು,” ಎಂದು ಪಟೇಲ ಕೆಲಸದಿಂದ ತೆಗೆದ. ಶಹಾಬುದ್ದೀನನ ಹೆಂಡತಿ ಅಮೀನಾಬೀ ಶ್ರೀರಂಗಪಟ್ಟಣದ ಠಾಣೆಗೆ ಬಂದಳು.

“ಕಿಡಿ ತಡವಾಗಿ ಹಾರೋ ಅಂಗೆ ಸ್ಟೇರಿಂಗಿನ ಕಡ್ಡಿ ಇಳಿಸ್ದೆ ಇವ್ರು ಹ್ಯಾಂಡ್ಲು ಮುಟ್ಟೋರಲ್ಲ, ಸಾಹೇಬ್ರೆ. ಕಿಡಿ ಬೇಗ ಹಾರಿದ್ರೆ ಹ್ಯಾಂಡ್ಲು ಹಿಂದಕ್ಕೆ ಒದೀತದೆ ಅಂತ ಇವ್ರಿಗೆ ಗೊತ್ತಿಲ್ವಾ?”

ದಫೇದಾರ ಮಂಚಯ್ಯ ಅರಕೆರೆಗೆ ಹೋದ. ಕಾರು ಅಂದಿನಿಂದ ಕದಲಿರಲಿಲ್ಲ. ಕಡ್ಡಿ ಇಳಿದೇ ಇತ್ತು. ಹಾಗಾದರೆ ಒದ್ದದ್ದೇಕೆ?

ಬಾನೆಟ್ ತೆಗೆದು ನೋಡಿದ. ಕಿಡಿ ಹಂಚುವ ಡಿಸ್ಟ್ರಿಬ್ಯೂಟರು ಕದಲಿದರೆ ತಿಳಿಯಲೆಂದು ಶಹಾಬುದ್ದೀನ್ ಅದರ ಮೇಲೂ ಅದನ್ನು ಬಿಗಿದ ಪಟ್ಟಿಯ ಮೇಲೂ ಉಳಿಯಿಂದ ಒಂದೇ ಗೆರೆ ಕೊರೆದಿದ್ದ. ಈಗ ಆ ಗೆರೆ ತುಂಡಾಗಿ ಅತ್ತಿತ್ತ ಸರಿದಿತ್ತು. ಕಡ್ಡಿ ಇಳಿಸಿದರೂ ಕಿಡಿ ಬೇಗ ಹಾರುವಂತೆ ಯಾರೋ ಡಿಸ್ಟ್ರಿಬ್ಯೂಟರನ್ನು ತಿರುಗಿಸಿದ್ದರು.

ಶಹಾಬುದ್ದೀನನ ಕೆಲಸಕ್ಕೆ ಆಸೆಪಟ್ಟಿದ್ದವನು ಡ್ರೈವರ್ ವಜೀರ್ ಪಾಷಾ. ಮಂಚಯ್ಯ ಅವನನ್ನು ಹಿಡಿಸಿದ.

“ಶಹಾಬುದ್ದೀನ್ ಬೀಳೋ ಹಿಂದಿನ ದಿನ ಕಾರಿನ ಹತ್ರ ಯಾಕ್ಲಾ ಬಂದಿದ್ದೆ?”

“ಕೆಲ್ಸ ಕೇಳಕ್ಕೆ ಬೆಳಿಗ್ಗೆ ಬಂದಿದ್ದೆ. ಖುದಾ ಕಸಮ್, ಮುಟ್ಟಿಲ್ಲ. ಅವತ್ತು ಸಂಜೆ ಶಹಾಬುದ್ದೀನ್ ಭಾಯೇ ಕಾರು ಓಡಿಸ್ಕೊಂಡು ಪಟ್ಣಕ್ಕೆ ಬಂದಿದ್ರು.”

ನಿಜ. ಸಂಜೆ ಸರಿಯಾಗಿಯೇ ಹೊರಟಿದ್ದ ಕಾರು ಬೆಳಗಾಗುವಷ್ಟರಲ್ಲಿ ಕೆಟ್ಟಿತ್ತು. ಪಾಷಾನನ್ನು ಬಿಟ್ಟು ಕಳಿಸಿದ. ಪಟೇಲನ ಮನೆಯ ಅಡುಗೆಯವಳು ತಿಮ್ಮಮ್ಮನನ್ನು ಕೇಳಿದ.

“ಅವತ್ತು ಬೆಳಿಗ್ಗೆ ಏನಾಯ್ತು, ತಿಮ್ಮಮ್ಮ?”

“ಪಟೇಲ್ರು ಎಬ್ಬೆಟ್ಟಿಗೆ ಅರಿಸಿನ ಸುಣ್ಣ ಅಚ್ಚುಸ್ಕೊಂಡ್ರು ಸ್ವಾಮಿ. ಬಾಗ್ಲಿಗೆ ಸಿಕ್ಕಾಕ್ಕಂತು ಅಂದ್ರು.”

“ಶಹಾಬುದ್ದೀನ್ ಬಿದ್ದ ಮೇಲಾ?”

“ಅಲ್ಲ. ದಿನಾ ಬೆಳಿಗ್ಗೆ ಕಾರಿನ ಯಾಂಡ್ಲು ತಿರುಗ್ಸೋರು ಪಟೇಲ್ರೇ. ಅವತ್ತು ಅರಿಸಿನ ಅಚ್ಚಾದ್ಮೇಲೇ ಅವ್ನ ಕರ್ಕೊಂಡ್ ಬಾ ಅಂತ ನನ್ನ ಕಳುಸಿದ್ದು.”

ಮಂಚಯ್ಯ ನೇರ ಪಟೇಲನ ಜಗಲಿಗೆ ನಡೆದ.

“ದಿನಾ ಬೆಳಿಗ್ಗೆ ಹ್ಯಾಂಡ್ಲು ತಿರುಗಿಸ್ತಿದ್ದೋರು ನೀವೇ, ಪಟೇಲ್ರೇ. ಅವತ್ತೂ ತಿರುಗಿಸಿದ್ರಿ. ಅದು ಒದ್ದು ಹೆಬ್ಬೆಟ್ಟು ಊದ್ತು. ಕಿಡಿ ಬೇಗ ಹಾರೋ ಹಾಗೆ ಮಾಡಿದ್ದೋರೂ ನೀವೇ. ಒದೀತದೆ ಅಂತ ಗೊತ್ತಿದ್ದೂ ಅವನನ್ನ ಕರೆಸಿದ್ರಿ.”

ಪಟೇಲ ಎಲೆಗೆ ಸುಣ್ಣ ಸವರುತ್ತಿದ್ದ. “ಬೆಳ್ಳೂರಿಗೆ ಕಾರು ಓಡ್ಸೋ ಪಂದ್ಯ ಕಟ್ಟಿದ್ದೆ. ಕಿಡಿ ಬೇಗ ಹಾರ್ಸಿ ಕಾರು ಜೋರು ಮಾಡ್ಲಾ ಅಂದ್ರೆ ಅವ್ನು ಒಲ್ಲೆ ಅಂದ, ರಾತ್ರಿ ನಾನೇ ತಿರುಗಿಸ್ದೆ. ಅವ್ನ ಕೈ ಗಟ್ಟಿ, ತಡ್ಕೊಂಡಾನು ಅಂದ್ಕೊಂಡೆ. ಬರ್ಕೋ, ದಫೇದಾರ. ಅದುನ್ನ ಓದೋರು ಯಾರು?”

ಮಂಚಯ್ಯ ಬರೆದ. ಮೇಲಿನವರು ‘ಆಕಸ್ಮಿಕ’ ಎಂದು ಷರಾ ಹಾಕಿ ಮುಚ್ಚಿದರು.

ಶಹಾಬುದ್ದೀನನ ಮನೆಗೆ ಹೋಗಿ ಮಂಚಯ್ಯ ಎಲ್ಲವನ್ನೂ ಹೇಳಿದ. ಅಮೀನಾಬೀ ಗಂಡನಿಗೆ ತುತ್ತು ಕೊಡುತ್ತಿದ್ದಳು. ಅವನು ಎಡಗೈಯಿಂದ ತುತ್ತನ್ನು ಪಕ್ಕಕ್ಕೆ ಸರಿಸಿದ.

“ಹದ್ನೈದು ವರ್ಸ ಅವ್ರ ಪಕ್ಕದಲ್ಲಿ ಕೂತಿದ್ದೆ,” ಎಂದ. “ನನ್ನ ಮರೆವೇ ಅಂದ್ಕೊಂಡು ಇದ್ಬುಡ್ತಿದ್ದೆ, ಸಾಹೇಬ್ರೆ. ಯಾಕೆ ಹೇಳಿದ್ರಿ?”