ಅವಳ ಕೆನ್ನೆಯ ಬೂಷ್ಟು

"ರೀಲೆಲ್ಲಾ ಒರೆಸಮ್ಮ. ಅವಳ ಮುಖ ಮಾತ್ರ ಮುಟ್ಬೇಡ," ಎಂದ ತೋಕುಜಿ ತಾತ.

ಮಿಯೊಗೆ ನಗು ತಡೆಯಲಾಗಲಿಲ್ಲ. ಕ್ಯೋತೋದ ಆ ಹಳೇ ಚಿತ್ರಮಂದಿರದಲ್ಲಿ ತಾತ ಐವತ್ತು ವರ್ಷ ಪ್ರೊಜೆಕ್ಟರ್ ಓಡಿಸಿದವನು. ಮಿಯೊ ಹಳೇ ರೀಲು ಶುಚಿ ಮಾಡಲು ಟೋಕಿಯೊದಿಂದ ಬಂದವಳು. ಸತ್ತ ಹಿರಿಯರು ಮನೆಗೆ ಬಂದುಹೋಗುವ ಆಗಸ್ಟ್ ತಿಂಗಳಲ್ಲಿ ಅಲ್ಲಿ ಪ್ರತಿವರ್ಷ ಒಂದೇ ದೆವ್ವದ ಚಿತ್ರ. ಗಂಡ ಮುಖದ ಪುಡಿಯಲ್ಲಿ ವಿಷ ಬೆರೆಸಿ ಕೊಂದ ಹೆಂಗಸು ಸತ್ತ ಮೇಲೂ ಅವನ ಬೆನ್ನು ಬಿಡದ ಕತೆ. ಕಪ್ಪುಬಿಳುಪಿನ ಆ ಒಂದೇ ಪ್ರತಿಗೆ ಇವತ್ತಿಗೂ ಟಿಕೆಟ್ ಸಾಲು ಬೀದಿ ತುದಿ ಮುಟ್ಟುತ್ತದೆ.

"ಚಿತ್ರ ತೆಗೆದಾಗ ಆ ನಟಿ ಮುಖದಲ್ಲಿ ಗಾಯಾನೇ ಇರ್ಲಿಲ್ಲ. ಆಮೇಲೆ ರೀಲಿನ ಮೇಲೆ ತಾನಾಗೇ ಹುಟ್ಟಿದ್ದು. ಮೊದಲ ವರ್ಷ ಉಗುರಿನಷ್ಟು. ಈಗ ಅರ್ಧ ಮುಖ. ಎಷ್ಟು ಬೆಳೀತು ಅಂತ ನೋಡೋಕೇ ಜನ ಬರೋದು."

"ತಾತ, ಅದನ್ನ ಬೂಷ್ಟು ಅಂತಾರೆ. ನಮ್ಮನೆ ಉಪ್ಪಿನಕಾಯಿ ಮೇಲೂ ಬೆಳೆಯುತ್ತೆ."

"ನಗ್ಬೇಡ ತಾಯಿ. ಒರೆಸಿದ್ದು ಎಲ್ಲಿಗೆ ಹೋಗುತ್ತೆ ಅಂತ ಯೋಚ್ನೆ ಮಾಡು."

ಬೇಲಿ ಮೇಲಿನ ಹಾವನ್ನು ಹೆಗಲಿಗೆ ಹಾಕಿಕೊಳ್ಳುವವರಿಗೆ ಯಾರು ಬುದ್ಧಿ ಹೇಳಿಯಾರು? ತಾತ ಅತ್ತ ಹೋದದ್ದೇ ತಡ, ಮಿಯೊ ಡಬ್ಬಿ ತೆರೆದಳು. ಕೊಳೆತ ಹುಳಿಯ ವಾಸನೆ ಮೂಗಿಗೆ ರಾಚಿತು. ರೀಲನ್ನು ದೀಪಕ್ಕೆ ಹಿಡಿದಳು. ಬೂಷ್ಟು ಬೇರೆಲ್ಲೂ ಇಲ್ಲ, ಅವಳ ಮುಖದ ಮೇಲೆ ಮಾತ್ರ. ಹತ್ತಿಗೆ ಅದು ಹಾಲಿನ ಕೆನೆಯಂತೆ ಸುಕ್ಕಾಗಿ ಎದ್ದುಬಂತು. ಬೆಚ್ಚಗಿತ್ತು. ಥೂ, ಅದರಲ್ಲಿ ಸಣ್ಣ ಸಣ್ಣ ಕೂದಲೂ ಇದ್ದವು! ಅಸಹ್ಯಪಟ್ಟರೂ ಅವಳು ಬಿಡಲಿಲ್ಲ. ಒಂದೊಂದೇ ಚೌಕದಲ್ಲಿ ನುಣುಪಾದ ಕೆನ್ನೆ ಮೂಡತೊಡಗಿತು. ನಡುವೆ ತನ್ನ ಕೆನ್ನೆ ತುರಿಸಿದಾಗ ಅದೇ ಕೈಯಲ್ಲಿ ಕೆರೆದುಕೊಂಡಳು.

ಮಧ್ಯಾಹ್ನದ ಆಟಕ್ಕೆ ರೀಲು ಹಾಕಿದವಳೂ ಅವಳೇ. ತಾತನ ಮುಖ ಸಪ್ಪಗಾಗುವುದನ್ನು ನೋಡುವ ಆಸೆ.

ಆದರೆ ತುರಿಕೆ ನಿಲ್ಲಲಿಲ್ಲ. ಮೇಲಿನ ಪ್ರೊಜೆಕ್ಟರ್ ಕೋಣೆಯಲ್ಲಿ ಅದೇ ಹುಳಿ ವಾಸನೆ. ಡಬ್ಬಿ ಮುಚ್ಚಿದಳು. ವಾಸನೆ ಹೋಗಲಿಲ್ಲ. ಅದು ಅವಳ ಬಾಯಿಂದಲೇ ಬರುತ್ತಿತ್ತು. ಕೆನ್ನೆ ಮುಟ್ಟಿದಳು. ಬೆರಳು ಒಳಗೆ ಹೋಯಿತು. ನೋವಿಲ್ಲ. ಬರೀ ಮೆತ್ತಗೆ, ಬೆಚ್ಚಗೆ. ಒಳಗಿನಿಂದ ನಾಲಿಗೆ ಆಡಿಸಿದಳು. ನಾಲಿಗೆಗೆ ಕೂದಲು ತಗುಲಿತು.

ಕೆಳಗೆ ತೆರೆಯ ಮೇಲೆ ಹೆಂಗಸು ತಿರುಗಿ ನೋಡಿದಳು. ತೊಳೆದ ಮುತ್ತಿನಂಥ ಮುಖ. ಕಲೆಯಿಲ್ಲ, ಗಾಯವಿಲ್ಲ. ಸಭೆ ಗುಸುಗುಟ್ಟಿತು. "ಎಲ್ರೀ ಗಾಯ? ಮೋಸ!"

ಮಿಯೊ ಮೆಟ್ಟಿಲಿಳಿದು ಓಡಿದಳು. ಮುಖ ಉಳಿಯಬೇಕು. ಯಾರಾದರೂ ಹಿಡಿಯಬೇಕು. "ಡಾಕ್ಟರ್! ಡಾಕ್ಟರನ್ನ ಕರೀರಿ!" ಕೂಗುವಾಗಲೇ ಕೆಳತುಟಿ ಜಾರಿ, ಮುಂದಿನ ಸಾಲಿನ ಅಜ್ಜಿಯೊಬ್ಬಳ ಬುತ್ತಿಯ ಅನ್ನದ ಮೇಲೆ ಪಚಕ್ಕನೆ ಬಿತ್ತು.

ಇಡೀ ಸಭೆ ಕಿಟಾರನೆ ಕಿರುಚಿತು. ಆಮೇಲೆ ಯಾರೋ ಚಪ್ಪಾಳೆ ತಟ್ಟಿದರು. ಎಲ್ಲರೂ ತಟ್ಟಿದರು.

"ಈ ವರ್ಷ ಭಲೇ! ದೆವ್ವಾನೇ ಕೆಳಗಿಳಿಸಿಬಿಟ್ಟಿದಾರೆ!"

ಮಿಯೊ ಅಜ್ಜಿಯ ಮೊಣಕಾಲು ಹಿಡಿದು ಗೋಗರೆದಳು. ತುಟಿಯಿಲ್ಲದ ಬಾಯಿಂದ ಮಾತು ಹೊರಡಲಿಲ್ಲ, ಕೀವು ಹೊರಟಿತು. ಅಜ್ಜಿ ಬುತ್ತಿ ಪಕ್ಕಕ್ಕಿಟ್ಟು, ಕಣ್ಣು ಮುಚ್ಚಿ ಕುಳಿತಿದ್ದ ಮೊಮ್ಮಗಳ ಕೈ ಸರಿಸಿದಳು.

"ಸರಿಯಾಗಿ ನೋಡ್ಕೋ ಪುಟ್ಟಿ. ಗಾಯ ಎಲ್ಲಿವರೆಗೆ ಬಂದಿದೆ ಅಂತ ನೆನಪಿಟ್ಕೋ. ಮುಂದಿನ ವರ್ಷಾನೂ ಬರ್ತೀವಲ್ಲ."